ಖಾಲಿ ಪೆನ್‌ಡ್ರೈವ್‌ಗೂ ಹಿಡಿಸದ ಆಟ

ನಮ್ಮೂರಲ್ಲಿ ಯಕ್ಷಗಾನ (ನಮ್ಮ ಬಾಯಲ್ಲಿ 'ಆಟ') ಆದರೆ ವಿಡಿಯೊ ಮಾಡಿ, ಕೇಳಿದವರಿಗೆ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇನೆ. ದುಡ್ಡಿಗಲ್ಲ, ಸುಮ್ನೆ ಒಂದು ಹುಚ್ಚು. ಒಮ್ಮೆ ಒಂದಿಡೀ ಪ್ರಸಂಗವನ್ನು ಜೋಡಿಸಿದಾಗ 11 ಜಿಬಿಯ ಒಂದೇ ಫೈಲ್ ಆಯಿತು. ಪಕ್ಕದ ಮನೆ ಮಾವ 32 ಜಿಬಿಯ ಹೊಸ ಪೆನ್‌ಡ್ರೈವ್ ತಂದಿದ್ದರು. ಕಾಪಿ ಮಾಡಲು ಹೋದರೆ ಫೈಲ್ ತುಂಬಾ ದೊಡ್ಡದು ಎಂಬ ಎರರ್.

"ಪೂರಾ ಖಾಲಿ ಉಂಟಲ್ಲ ಮಾರಾಯ, ಮತ್ತೆಂತ ಅದಕ್ಕೆ?" ಅಂದರು ಮಾವ.

ಪ್ರಾಪರ್ಟೀಸ್ ತೆಗೆದು ನೋಡಿದೆ. ಫ್ಯಾಟ್32 ಅಂತ ಇತ್ತು, ಅಂದರೆ ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಹಳೇ ಪದ್ಧತಿ. ಈ ಪದ್ಧತಿಯಲ್ಲಿ ಒಂದು ಫೈಲಿನ ಗಾತ್ರ ಬರೆದಿಡಲು ಇರುವುದು 32 ಬಿಟ್ (ಸೊನ್ನೆ-ಒಂದರ 32 ಅಂಕಿ) ಮಾತ್ರ. ಹಾಗಾಗಿ ಎಷ್ಟೇ ಜಾಗವಿದ್ದರೂ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ನನ್ನ ಕ್ಯಾಮೆರಾ ವಿಡಿಯೊವನ್ನು 4 ಜಿಬಿಗೊಂದು ತುಂಡು ಮಾಡುವುದೂ ಇದೇ ಕಾರಣಕ್ಕೆ. ಆ ತುಂಡುಗಳನ್ನು ರಾತ್ರಿಯಿಡೀ ಕೂತು ಜೋಡಿಸಿದವನು ನಾನೇ ಅಲ್ವಾ!

ಈ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ಎಂಬ ಹೊಸ ಪದ್ಧತಿಗೆ ಫಾರ್ಮ್ಯಾಟ್ ಮಾಡಿದೆ. ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಆದರೆ ಅದರಲ್ಲಿ ಏನೂ ಇರಲಿಲ್ಲ. ಫೈಲ್ ಸಲೀಸಾಗಿ ಹೋಯಿತು. ಸಂಜೆ ಮಾವ ವಾಪಸ್ ಬಂದರು. ಅವರ ಹಳೇ ಟಿವಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. ಕೊನೆಗೆ ಮತ್ತೆ ಫ್ಯಾಟ್32 ಮಾಡಿ, ಭಾಗವತರ ಪದ್ಯ ನಡುವೆ ಕಡಿಯದ ಹಾಗೆ ನೋಡಿಕೊಂಡು ವಿಡಿಯೊವನ್ನೇ ನಾಲ್ಕು ತುಂಡು ಮಾಡಿಕೊಟ್ಟೆ.

ಇನ್ನೊಮ್ಮೆ ಕಾಪಿ ಅರ್ಧಕ್ಕೆ ನಿಂತು ಐ/ಒ ಎರರ್ (ಓದಲು-ಬರೆಯಲು ಆಗುತ್ತಿಲ್ಲ ಎಂಬ ದೂರು) ಬರತೊಡಗಿತು. ಪೆನ್‌ಡ್ರೈವ್‌ಗೆ ಬೈದದ್ದೇ ಬಂತು. ಸಿಪಿಯು ಡಬ್ಬದ ಮುಂದಿನ ಯುಎಸ್‌ಬಿ ಪೋರ್ಟ್ ಲೂಸ್ ಆಗಿತ್ತು, ಅಷ್ಟೇ. ಹಿಂದಿನ ಪೋರ್ಟ್‌ಗೆ ಚುಚ್ಚಿದೆ, ಸರಿಹೋಯಿತು.

ನನ್ನನ್ನು ನಿಜವಾಗಿ ಸತಾಯಿಸಿದ್ದು ಯಾವ ಎರರ್ರೂ ಕೊಡದ ಪೆನ್‌ಡ್ರೈವ್. ತೀರಾ ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನ್‌ನಲ್ಲಿ ತರಿಸಿದ 128 ಜಿಬಿಯದ್ದು. ಎಂಟು ಆಟ ತುಂಬಿಸಿದೆ, ಎಲ್ಲ ಸುಸೂತ್ರ. ಆಮೇಲೆ ನೋಡಿದರೆ ಮೊದಲ ಆಟ ಮಾತ್ರ ಓಡುತ್ತದೆ. ಉಳಿದವುಗಳ ಹೆಸರಿದೆ, ಗಾತ್ರವೂ ಸರಿ ಇದೆ, ತೆರೆದರೆ ಏನೂ ಇಲ್ಲ. ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಓಡಿಸಿದೆ. ಅದು ಡ್ರೈವ್ ತುಂಬಾ ತನಗೆ ಗೊತ್ತಿರುವ ಡೇಟಾ ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. ಲಿನಕ್ಸ್‌ನವರಿಗೆ ಇದೇ ಕೆಲಸಕ್ಕೆ ಎಫ್3 ಇದೆ. ಸಂಜೆ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ನಿಜವಾದ ಜಾಗ ಬರೀ 14 ಜಿಬಿ.

ಇಂಥ ನಕಲಿ ಡ್ರೈವಿನ ಒಳಗಿನ ಕಂಟ್ರೋಲರ್ ಚಿಪ್‌ಗೆ 128 ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಮೆಮೊರಿ ಮುಗಿದ ಮೇಲೆ ಬರೆದದ್ದು ಗಾಳಿಗೆ ಹೋಗುತ್ತದೆ, ಇಲ್ಲವೇ ಹಳೆಯದರ ಮೇಲೇ ಬೀಳುತ್ತದೆ. ಕಂಪ್ಯೂಟರಿಗೆ ಮಾತ್ರ 'ಬರೆದಾಯ್ತು' ಅನ್ನುವ ಉತ್ತರ. ಫೈಲುಗಳ ಪಟ್ಟಿ ಡ್ರೈವಿನ ಆರಂಭದ, ಅಂದರೆ ಅಸಲಿ ಜಾಗದಲ್ಲೇ ಇದ್ದುದರಿಂದ ಹೆಸರುಗಳು ಕಾಣುತ್ತಿದ್ದವು. ಪುಣ್ಯಕ್ಕೆ ಮೂಲ ವಿಡಿಯೊಗಳು ನನ್ನ ಹಾರ್ಡ್‌ಡಿಸ್ಕ್‌ನಲ್ಲಿದ್ದವು.

ಈಗ ಹೊಸ ಪೆನ್‌ಡ್ರೈವ್ ಬಂದರೆ ಮೊದಲು ಈ ಟೆಸ್ಟ್, ಆಮೇಲೆ ಆಟ. ಆ ಕಳ್ಳ ಡ್ರೈವನ್ನು ಬಿಸಾಡಲು ಮನಸ್ಸು ಬರಲಿಲ್ಲ. ಮೊದಲ 12 ಜಿಬಿಗಷ್ಟೇ ಪಾರ್ಟಿಷನ್ ಮಾಡಿ, ತಾಳಮದ್ದಳೆಯ ಆಡಿಯೊ ತುಂಬಿಸಿ ಕಾರಿಗೆ ಹಾಕಿದ್ದೇನೆ. ಇವತ್ತಿನವರೆಗೂ ಹಾಡುತ್ತಿದೆ.