‘ದಡ್ಡ’ ಅನ್ನಿಸಿದಾಗ ಬರೆದಿಡುವ ನಾಲ್ಕು ಕಾಲಂ

ಹೊಸದಾಗಿ ಸೇರಿದವರಿಗೆ ಕಚೇರಿ ಕೆಲಸ ಕಲಿಸುವುದು ನನ್ನ ಉದ್ಯೋಗ. ‘ತಲೇಲಿ ಏನೂ ಇಲ್ಲ’, ‘ಎಷ್ಟು ಹೇಳಿದರೂ ಅಷ್ಟೇ’ ಎಂಬ ಮಾತು ಬಾಯಿಗೆ ಬರದಿದ್ದರೂ ಮನಸ್ಸಿಗೆ ಬಂದೇ ಬರುತ್ತದೆ. ಬಂದಾಗ ಬರೆದಿಡುತ್ತೇನೆ. ಆಮೇಲೆ ಒಟ್ಟಿಗೆ ಓದಿದರೆ ಎದುರಿನವರ ಬುದ್ಧಿಯ ಬಗ್ಗೆ ತಿಳಿಯುವುದು ಅಷ್ಟಕ್ಕಷ್ಟೇ. ನನ್ನ ಆತುರ, ನನ್ನ ವಿವರಣೆಯಲ್ಲಿ ಬಿಟ್ಟುಹೋದ ಮೆಟ್ಟಿಲು ಮಾತ್ರ ಚೆನ್ನಾಗಿ ಕಾಣುತ್ತವೆ.

ಪುಟದಲ್ಲಿ ನಾಲ್ಕು ಕಾಲಂ. ಮೊದಲನೆಯದರಲ್ಲಿ ಮನಸ್ಸಿಗೆ ಬಂದ ಬೈಗುಳ, ಬಂದ ಹಾಗೆಯೇ. ‘ದಡ್ಡ’ ಎಂಬುದನ್ನು ‘ಸ್ವಲ್ಪ ಸ್ಲೋ’ ಎಂದು ತಿದ್ದಿದರೆ ಲೆಕ್ಕವೇ ಸುಳ್ಳಾಗುತ್ತದೆ. ಎರಡನೆಯದರಲ್ಲಿ ಆ ವ್ಯಕ್ತಿ ಮಾಡಿದ್ದೇನು ಎಂಬುದು, ಕ್ಯಾಮೆರಾಗೆ ಕಾಣುವಷ್ಟು ಮಾತ್ರ. ‘ಗಮನ ಕೊಡಲಿಲ್ಲ’ ಎಂಬುದು ಅಲ್ಲಿ ಸಲ್ಲದು, ಅದು ನನ್ನ ಊಹೆ. ಮೂರನೆಯದಕ್ಕೆ ನನಗೆ ಗೊತ್ತಿದ್ದು ಅವರಿಗೆ ಯಾರೂ ಹೇಳದ ಸಂಗತಿ. ನಾಲ್ಕನೆಯದಕ್ಕೆ ಆ ಹೊತ್ತಿನ ನನ್ನ ಸ್ಥಿತಿ: ಹಸಿವೆ, ಗಡುವು, ಪಕ್ಕದಲ್ಲಿ ನಿಂತ ಮೇಲಧಿಕಾರಿ. ಅದೇ ದಿನ ಬರೆಯಬೇಕು. ಮರುದಿನಕ್ಕೆ ಹಸಿವೆ ಮರೆತಿರುತ್ತದೆ, ಬೈಗುಳ ನೆನಪಿರುತ್ತದೆ.

ಲೆಕ್ಕಪಟ್ಟಿ ಮಾಡುವ ತಂತ್ರಾಂಶ ಎಕ್ಸೆಲ್‌ನ ಒಂದು ಉದಾಹರಣೆ. ಬಿ1 ಕೋಶದಲ್ಲಿ ತೆರಿಗೆ ದರ ಇದೆ, ಎ2ರಿಂದ ಕೆಳಕ್ಕೆ ಮೊತ್ತಗಳು. ಕಲಿಯುವವರು ಸಿ2ರಲ್ಲಿ ಎ2 ಗುಣಿಸು ಬಿ1 ಎಂದು ಫಾರ್ಮುಲಾ ಹಾಕಿ, ಉಳಿದ ಸಾಲುಗಳಿಗೂ ಅದೇ ಬರಲೆಂದು ಕೆಳಕ್ಕೆ ಎಳೆಯುತ್ತಾರೆ. ಮೊದಲ ಸಾಲು ಸರಿ, ಉಳಿದದ್ದೆಲ್ಲ ಸೊನ್ನೆ. ‘ಇಷ್ಟೂ ಗೊತ್ತಾಗಲ್ವಾ?’ ಮೊದಲ ಕಾಲಂಗೆ ಹೋಯಿತು. ಮೂರನೆಯದಕ್ಕೆ: ಎಳೆದಾಗ ಎ2 ಹೋಗಿ ಎ3 ಆಗುವಂತೆಯೇ ಬಿ1 ಕೂಡ ಖಾಲಿ ಇರುವ ಬಿ2ಕ್ಕೆ ಜಾರುತ್ತದೆ, ಜಾರದಿರಲು 1ರ ಮೊದಲು ಡಾಲರ್ ಚಿಹ್ನೆ ಬೇಕು. ವರ್ಷಗಟ್ಟಲೆ ಆ ಚಿಹ್ನೆ ಒತ್ತಿದ ಕೈಗೆ ಅದೊಂದು ಹೇಳಬೇಕಾದ ವಿಷಯ ಅಂತಲೇ ಅನ್ನಿಸುವುದಿಲ್ಲ.

ಗೊತ್ತಿರುವವರ ಈ ಕುರುಡು ಎಷ್ಟು ದೊಡ್ಡದು ಎಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧಕಿ ಎಲಿಜಬೆತ್ ನ್ಯೂಟನ್ 1990ರಲ್ಲಿ ಅಳೆದರು. ಒಬ್ಬರು ಪರಿಚಿತ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂದು ಕುಟ್ಟಿದವರ ಅಂದಾಜು. 120 ಹಾಡುಗಳಲ್ಲಿ ಗುರುತಾದದ್ದು 3. ಕುಟ್ಟುವವರ ತಲೆಯಲ್ಲಿ ಪೂರ್ತಿ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್.

ವಾರಕ್ಕೊಮ್ಮೆ ಪುಟಗಳನ್ನು ಕಾಲಂ ಪ್ರಕಾರ ಮೇಲಿಂದ ಕೆಳಕ್ಕೆ ಓದುತ್ತೇನೆ. ಎರಡನೇ ಕಾಲಂನಲ್ಲಿ ಬೇರೆ ಬೇರೆ ಜನರ ಹೆಸರಿನಲ್ಲಿ ಒಂದೇ ತಪ್ಪು ಬಂದಿದ್ದರೆ ತಿದ್ದಬೇಕಾದ್ದು ನನ್ನ ಪಾಠ. ನಾಲ್ಕನೆಯದರಲ್ಲಿ ‘ಗಡುವು’ ಮತ್ತೆ ಮತ್ತೆ ಕಂಡರೆ ಕಲಿಸುವ ಹೊತ್ತನ್ನೇ ಬದಲಿಸುತ್ತೇನೆ. ‘ಮೇಲಧಿಕಾರಿ’ ಎಂದು ಬರೆದ ಸಾಲುಗಳು ಓದಲು ಕಷ್ಟ: ನಾನು ಬುದ್ಧಿವಂತ ಅನ್ನಿಸಿಕೊಳ್ಳಲು ಇನ್ನೊಬ್ಬರನ್ನು ಚಿಕ್ಕವರನ್ನಾಗಿಸಿದ ಸಾಲುಗಳವು. ಇಂಥ ಮಾತಿಗೆ ಮರ್ಯಾದೆ ಸಿಗುವುದೂ ನಿಜ. ಕಟುವಾಗಿ ಟೀಕಿಸುವ ವಿಮರ್ಶಕರು ಹೊಗಳುವವರಿಗಿಂತ ಬುದ್ಧಿವಂತರಾಗಿ ಕಾಣುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಟೆರೇಸಾ ಅಮಾಬಿಲೆ 1983ರಲ್ಲೇ ತೋರಿಸಿದ್ದರು.

ಒಮ್ಮೆ ದಡ್ಡ ಅನ್ನಿಸಿಕೊಂಡವರು ಮತ್ತೆ ಪ್ರಶ್ನೆ ಕೇಳುವುದಿಲ್ಲ, ತಪ್ಪನ್ನು ಮುಚ್ಚಿಡುತ್ತಾರೆ, ಅದು ತಿಂಗಳ ಕೊನೆಯ ಲೆಕ್ಕದಲ್ಲಿ ಹೊರಬೀಳುತ್ತದೆ. ಹಾಗಂತ ತಪ್ಪನ್ನು ಹೇಳದೆ ಬಿಡಬೇಕಿಲ್ಲ. ಎರಡನೇ ಕಾಲಂನ ವಾಕ್ಯವನ್ನೇ ಜೋರಾಗಿ ಓದಿದರೆ ಸಾಕು: ‘ಸಿ3ರಲ್ಲಿ ಸೊನ್ನೆ ಬಂದಿದೆ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಯಾವ ಕೋಶ ಹಿಡಿದಿದೆ ನೋಡಿ.’

ಮೂರನೇ ಕಾಲಂ ಖಾಲಿಯೇ ಉಳಿಯುವುದೂ ಉಂಟು. ಎಲ್ಲ ಹೇಳಿದೆ, ಅವರು ಮಾಡಿಯೂ ತೋರಿಸಿದ್ದಾರೆ, ಈಗ ಮಾಡುತ್ತಿಲ್ಲ. ಅದು ಉದಾಸೀನವೋ, ಸುಸ್ತೋ, ಕೆಲಸದ ಮೇಲಿನ ಸಿಟ್ಟೋ ಎಂಬುದು ಪುಟದಿಂದ ತಿಳಿಯುವುದಿಲ್ಲ. ಪಕ್ಕಕ್ಕೆ ಕರೆದು ಕೇಳಬೇಕು.