ಆಲ್ದೂರಿನ ತೋಟದ ದಾರಿಗೆ ದೊಡ್ಡ ಟೈರು: ನನ್ನ ಅನುಭವ

ನನ್ನಲ್ಲಿರುವುದು ರೆನೋ ಡಸ್ಟರ್ ಕಾರಿನ ಆಲ್ ವೀಲ್ ಡ್ರೈವ್ ಮಾದರಿ, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗಬಲ್ಲದ್ದು. ಇದು ಭಾರತದ ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ಕಾರ್ಖಾನೆಯಿಂದ ಬಂದ ಟೈರಿನ ಅಳತೆ 215/65 ಆರ್16, ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಹೊಟ್ಟೆಗಿರುವ ಎತ್ತರ, 210 ಮಿಲಿಮೀಟರ್. ಚಿಕ್ಕಮಗಳೂರಿನ ಪೇಟೆಯೊಳಗೆ ಓಡಾಡಲು ಇಷ್ಟು ಧಾರಾಳವಾಯಿತು. ಆದರೆ ಆಲ್ದೂರಿನಿಂದ ಒಳಗೆ ನಮ್ಮ ತೋಟಕ್ಕಿಳಿಯುವ ಮಣ್ಣಿನ ದಾರಿಯಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಟ್ರ್ಯಾಕ್ಟರಿನ ಚಕ್ರಗಳು ಎರಡು ಆಳವಾದ ಜಾಡುಗಳನ್ನು ಕೊರೆದಿರುತ್ತವೆ. ನಡುವಿನ ದಿಬ್ಬ ಕಾರಿನ ಹೊಟ್ಟೆಗೆ ತಾಗುತ್ತದೆ. ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಕಡಿಯುವ ಕೆಲಸ, ಮುಗಿದ ಮೇಲೆ ದಾರಿಬದಿಯಲ್ಲಿ ಬಿದ್ದ ಹಾಲವಾಣದ ಗೂಟಗಳು ಟೈರಿನ ಪಕ್ಕೆಯನ್ನು ಸೀಳುವುದೂ ಉಂಟು. ಹಳೆಯ ಟೈರುಗಳ ಹಲ್ಲು ಸವೆದು ಬದಲಾಯಿಸುವ ಕಾಲ ಬಂದಾಗ, ಒಂದು ಅಳತೆ ಮೇಲಿನದನ್ನೇ ಹಾಕಿಸೋಣವೆಂದು ಹೊರಟೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟ: "ಮಾವ, ಹದಿನೇಳು ಇಂಚಿನ ಅಲಾಯ್ ರಿಮ್ ಹಾಕಿಸಿಬಿಡಿ, 225/65 ಟೈರು. ಗಾಡಿ ನೋಡೋಕೂ ಗತ್ತಾಗಿರುತ್ತೆ." ನೋಟದ ಮಾತು ಸರಿಯೇ ಇರಬಹುದು, ನಾನು ಮೊದಲು ಲೆಕ್ಕ ಹಾಕಿದೆ. 215/65 ಎಂದರೆ ಟೈರಿನ ಅಗಲ 215 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ಶೇಕಡ 65, ಅಂದರೆ ಸುಮಾರು 140 ಮಿಲಿಮೀಟರ್. ಅಳತೆಯ ಕೊನೆಯ 16 ಸೂಚಿಸುವ ಹದಿನಾರು ಇಂಚಿನ ರಿಮ್ಮಿಗೆ ಎರಡೂ ಕಡೆಯ ಪಕ್ಕೆಯನ್ನು ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 686 ಮಿಲಿಮೀಟರ್. ಅಕ್ಕನ ಮಗ ಹೇಳಿದ ಅಳತೆಯ ವ್ಯಾಸ 724, ಅಂದರೆ ಶೇಕಡ 5.6ರಷ್ಟು ಹೆಚ್ಚು. ಅದೇ ಹದಿನಾರು ಇಂಚಿನ ರಿಮ್ಮಿನಲ್ಲಿ 215/70 ಹಾಕಿದರೆ 707, ಶೇಕಡ 3.1 ಹೆಚ್ಚು. ಮೊದಲನೆಯದರಲ್ಲಿ ಕಾರು 19 ಮಿಲಿಮೀಟರ್ ಮೇಲೇಳುತ್ತದೆ, ಎರಡನೆಯದರಲ್ಲಿ ಹನ್ನೊಂದು ಮಾತ್ರ, ಏಕೆಂದರೆ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧವಷ್ಟೇ ನೆಲದಿಂದ ಎತ್ತರವಾಗಿ ದಕ್ಕುತ್ತದೆ.

ಹದಿನೇಳನ್ನು ಕೈಬಿಡಲು ರಿಮ್ಮಿನ ಆಫ್‌ಸೆಟ್ಟೂ ಕಾರಣವಾಯಿತು. ರಿಮ್ಮಿನ ಅಗಲದ ನಡುಗೆರೆಗೂ ಅದು ಕಾರಿಗೆ ಕೂರುವ ಮುಖಕ್ಕೂ ಮಿಲಿಮೀಟರಿನಲ್ಲಿ ಇರುವ ಅಂತರ ಇದು; ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ಡಸ್ಟರಿನ ಮೂಲ ರಿಮ್ಮು ಆರೂವರೆ ಇಂಚು ಅಗಲ, ಆಫ್‌ಸೆಟ್ 50. ಅಂಗಡಿಯಲ್ಲಿ ಸಿಕ್ಕ ಅಲಾಯ್‌ಗಳು ಏಳು ಇಂಚು ಅಗಲದವು, ಆಫ್‌ಸೆಟ್ 40. ಇದರಿಂದ ಚಕ್ರದ ಹೊರ ಅಂಚು ಹದಿನಾರು ಮಿಲಿಮೀಟರ್ ಆಚೆ ಬರುತ್ತದೆ. ಮಡ್‌ಗಾರ್ಡಿನಿಂದ ಹೊರಗೆ ಇಣುಕುವ ಟೈರು ಕೆಸರನ್ನೆಲ್ಲ ಬಾಗಿಲಿಗೆ ಎರಚುತ್ತದೆ, ಗುಂಡಿಗೆ ಬಿದ್ದಾಗ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ, ವೀಲ್ ಬೇರಿಂಗಿನ ಮೇಲೂ ಹೊರೆ ಹೆಚ್ಚುತ್ತದೆ. ಎತ್ತರವನ್ನು ಲೋಹದಿಂದ ಪಡೆಯುವುದಕ್ಕಿಂತ ರಬ್ಬರಿನಿಂದ ಪಡೆಯುವುದೇ ತೋಟದ ದಾರಿಗೆ ಮೇಲೆಂಬ ತೀರ್ಮಾನಕ್ಕೆ ಬಂದು, ಮೂಲ ರಿಮ್ಮನ್ನೇ ಉಳಿಸಿಕೊಂಡು ಡಾಂಬರಿಗೂ ಕೆಸರಿಗೂ ಒಗ್ಗುವ, 215/70 ಅಳತೆಯ ಆಲ್ ಟೆರೇನ್ ಟೈರನ್ನು ಆರಿಸಿದೆ. ಲೋಡ್ ಇಂಡೆಕ್ಸ್ ಮೂಲದಲ್ಲಿ 98, ಅಂದರೆ ಒಂದು ಟೈರು ಹೊರಬಲ್ಲ ಭಾರ 750 ಕಿಲೋ. ಹೊಸದು 100, ಅಂದರೆ 800 ಕಿಲೋ. ಈ ಸಂಖ್ಯೆ ಮೂಲಕ್ಕಿಂತ ಕಡಿಮೆಯಾಗಬಾರದು.

ಟೈರು ಕೊಳ್ಳುವ ಮೊದಲು ಒಂದೇ ಒಂದನ್ನು ಮುಂದಿನ ಚಕ್ರಕ್ಕೆ ಹಾಕಿ ನೋಡಬೇಕೆಂದಾಗ ಟೈರ್ ಅಂಗಡಿಯವರು ಸ್ವಲ್ಪ ಮುಖ ಗಂಟಿಕ್ಕಿದರು. ಮುಂಗಡ ಕೊಟ್ಟ ಮೇಲೆ ಒಪ್ಪಿದರು. ಈ ಕಾರಿನ ಮುಂಭಾಗದಲ್ಲಿ ಸ್ಪ್ರಿಂಗ್ ಕೂರುವ ತಟ್ಟೆ ಟೈರಿನ ನೆತ್ತಿಗೆ ಬಹಳ ಹತ್ತಿರದಲ್ಲಿದೆ. ನಾನು ಆ ತಟ್ಟೆಯ ಅಡಿಗೆ ಹಸಿ ಜೇಡಿಮಣ್ಣಿನ ಉಂಡೆಯೊಂದನ್ನು ಮೆತ್ತಿ, ನಟ್ಟುಗಳನ್ನು ಬಿಗಿಸಿ, ಚಕ್ರವನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದೆ. ಚಕ್ರ ಬಿಚ್ಚಿದಾಗ ಮಣ್ಣು ರೊಟ್ಟಿಯಂತೆ ಚಪ್ಪಟೆಯಾಗಿತ್ತು, ಅದರ ಮೇಲೆ ಟೈರಿನ ಹಲ್ಲಿನ ಗುರುತೂ ಬಿದ್ದಿತ್ತು. ವರ್ನಿಯರ್ ಹಿಡಿದು ಅಳೆದರೆ ತೆಳುವಾದ ಕಡೆ ಒಂಬತ್ತು ಮಿಲಿಮೀಟರ್ ದಪ್ಪ. ಟೈರು ಮತ್ತು ತಟ್ಟೆ ಎರಡೂ ಒಟ್ಟಿಗೇ ಮೇಲೆ ಕೆಳಗೆ ಚಲಿಸುವುದರಿಂದ ಅಷ್ಟು ಸಂದು ಸಾಕು. ಆಮೇಲೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಅಡಿಗೆ ಜಾಕ್ ಕೊಟ್ಟು, ಸಸ್ಪೆನ್ಷನ್ ಪೂರ್ತಿ ಒತ್ತುವವರೆಗೆ ಎತ್ತಿಸಿ, ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದೆವು. ಪೂರ್ತಿ ಎಡಕ್ಕೆ ತಿರುಗಿದಾಗ ಟೈರಿನ ಭುಜ ಬಂಪರಿನ ಹಿಂದಿನ ಪ್ಲಾಸ್ಟಿಕ್ ಲೈನರನ್ನು ಸವರುತ್ತಿತ್ತು. ಲೈನರಿನ ಕ್ಲಿಪ್ಪೊಂದನ್ನು ತೆಗೆದು, ಹಾಟ್ ಏರ್ ಗನ್ನಿನಿಂದ ಬಿಸಿ ಮಾಡಿ ಒಳಕ್ಕೆ ಒತ್ತಿದ ಮೇಲೆ ಅದೂ ಸರಿಹೋಯಿತು. 225/65 ಆರ್17 ಹಾಕಿದ್ದರೆ ತಟ್ಟೆಯ ಬಳಿಯ ಆ ಒಂಬತ್ತು ಮಿಲಿಮೀಟರ್ ಸಂದು ಬಹುಪಾಲು ನುಂಗಿಹೋಗುತ್ತಿತ್ತು.

ಆಲ್ ವೀಲ್ ಡ್ರೈವ್ ಕಾರಿನವರು ಹೆಚ್ಚು ಗಮನ ಕೊಡಬೇಕಾದದ್ದು ನಾಲ್ಕೂ ಟೈರುಗಳು ಸರಿಸಮ ಇರುವುದಕ್ಕೆ. ಡಸ್ಟರಿನಲ್ಲಿ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೆ ಶಕ್ತಿಯನ್ನು ಕೊಡುವ, ತೆಗೆಯುವ ಒಂದು ಎಲೆಕ್ಟ್ರಾನಿಕ್ ಕಪ್ಲಿಂಗ್ ಇದೆ. ಮುಂದಿನ ಟೈರು ಚಿಕ್ಕದು, ಹಿಂದಿನದು ದೊಡ್ಡದು ಎಂದಾದರೆ, ನೇರ ರಸ್ತೆಯಲ್ಲೂ ಎರಡು ಆಕ್ಸಲ್ಲುಗಳು ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ. ಚಕ್ರ ಜಾರುತ್ತಿದೆಯೆಂದು ಕಂಪ್ಯೂಟರ್ ಭಾವಿಸಿ ಕಪ್ಲಿಂಗನ್ನು ಬಿಗಿಸುತ್ತಾ ಹೋದರೆ ಅದು ಕಾದು ಹಾಳಾಗುತ್ತದೆ. ಅಳತೆಯೊಂದೇ ಅಲ್ಲ, ಸವೆತವೂ ಲೆಕ್ಕಕ್ಕೆ ಬರುತ್ತದೆ. ಎಂಟು ಮಿಲಿಮೀಟರ್ ಹಲ್ಲಿರುವ ಹೊಸ ಟೈರಿಗೂ ನಾಲ್ಕಕ್ಕೆ ಸವೆದ ಹಳೆಯದಕ್ಕೂ ವ್ಯಾಸದಲ್ಲಿ ಎಂಟು, ಸುತ್ತಳತೆಯಲ್ಲಿ ಇಪ್ಪತ್ತೈದು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಆಲ್ ವೀಲ್ ಡ್ರೈವ್‌ಗೆ ಹೆಸರಾದ ಜಪಾನಿನ ಸುಬಾರು ಕಂಪನಿ ತನ್ನ ಅಂಥ ಕಾರುಗಳಿಗೆ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ, ಅಂದರೆ ಸುಮಾರು ಆರು ಮಿಲಿಮೀಟರಿಗಿಂತ, ಹೆಚ್ಚು ವ್ಯತ್ಯಾಸ ಇರಕೂಡದೆನ್ನುತ್ತದೆ. ಆದ್ದರಿಂದ ಸ್ಟೆಪ್ನಿಯನ್ನೂ ಸೇರಿಸಿ ಐದು ಟೈರುಗಳನ್ನೂ ಒಂದೇ ಕಂಪನಿಯ, ಒಂದೇ ಮಾದರಿಯವನ್ನೇ ಕೊಂಡೆ. ಖರ್ಚು ಏರಿತು, ಮನೆಯಲ್ಲಿ ಎರಡು ಮಾತೂ ಕೇಳಬೇಕಾಯಿತು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಸಣ್ಣ ಹೆಚ್ಚಳಕ್ಕೆ ನಿಲ್ಲುವುದಕ್ಕೆ ನನಗೆ ಇದೂ ಒಂದು ಕಾರಣ. ವಿಮಾ ಕಂಪನಿಗೂ ಮೊದಲೇ ಲಿಖಿತವಾಗಿ ತಿಳಿಸಿದೆ.

ಜೋಡಿಸುವ ದಿನ, ರಿಮ್ಮು ಕೂರುವ ಹಬ್ಬಿನ ಮುಖಕ್ಕೆ ಹಿಡಿದಿದ್ದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿಸಿದೆ. ತುಕ್ಕಿನ ಮೇಲೆಯೇ ರಿಮ್ಮು ಕೂತರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೀರಿಂಗ್ ನಡುಗುವುದು ತಪ್ಪದು. ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಕೈಯಿಂದ ಕೂರಿಸಿ, ಕೊನೆಗೆ ಟಾರ್ಕ್ ರೆಂಚಿನಿಂದ ಬಿಗಿಸಿ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿದೆವು. ವೀಲ್ ಅಲೈನ್‌ಮೆಂಟ್ ಅದೇ ದಿನ ಆಯಿತು.

ಈಗ ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಎಳೆತ ತುಸು ತಗ್ಗಿದ್ದು ತಿಳಿಯುತ್ತದೆ, ಡಾಂಬರಿನ ಮೇಲೆ ಹಲ್ಲಿನ ಗುಂಯ್‌ಗುಡುವಿಕೆಯೂ ಕೇಳಿಸುತ್ತದೆ. ಕೆಸರಿನಲ್ಲಿ ಮಾತ್ರ ಹಿಡಿತ ಎಷ್ಟೋ ಮೇಲು. ಇದರಲ್ಲಿ ಅಳತೆಗಿಂತ ಹಲ್ಲಿನ ವಿನ್ಯಾಸದ ಪಾಲೇ ದೊಡ್ಡದೆಂದು ನನ್ನ ಅನಿಸಿಕೆ. ಕಡೂರು ರಸ್ತೆಯ ಬಯಲಿನಲ್ಲಿ ಸ್ಪೀಡೋಮೀಟರಿನ ಮುಳ್ಳು 80 ತೋರಿಸುವಾಗ ಫೋನಿನ ಜಿಪಿಎಸ್ ಮೊದಲು 78 ಎನ್ನುತ್ತಿತ್ತು, ಈಗ 80 ದಾಟುತ್ತದೆ. ಮೈಲೇಜ್ ಇಳಿದಂತೆ ಕಂಡರೂ ಅದರಲ್ಲಿ ಒಂದು ಪಾಲು ಓಡೋಮೀಟರಿನ ಮೋಸ: ದೊಡ್ಡ ಟೈರು ಅಷ್ಟೇ ದೂರಕ್ಕೆ ಕಡಿಮೆ ಸುತ್ತು ಹಾಕುವುದರಿಂದ, ಅದು 1000 ಕಿಲೋಮೀಟರ್ ಎಂದಾಗ ಕಾರು ಓಡಿರುವುದು 1031. ಡೀಸೆಲ್ ಲೆಕ್ಕ ಬರೆಯುವಾಗ ಅಷ್ಟನ್ನು ಕೂಡಿಸಿಕೊಳ್ಳುತ್ತೇನೆ, ಟೈರುಗಳನ್ನು ಸ್ಟೆಪ್ನಿಯೊಂದಿಗೆ ಅದಲುಬದಲು ಮಾಡುವ ತಾರೀಖನ್ನೂ ಅದೇ ಪುಸ್ತಕದಲ್ಲಿ ಗುರುತು ಹಾಕುತ್ತೇನೆ.