ಒಂದು ಎಚ್‌ಪಿ ಪಂಪಿನ ವೈಂಡಿಂಗ್: ಸುತ್ತುವ ಮೊದಲು, ಸುತ್ತುವಾಗ

ಉಡುಪಿ ಸುತ್ತಮುತ್ತಲ ತೋಟಗಳಿಂದ ಸುಟ್ಟು ಬರುವ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋನೋಬ್ಲಾಕ್‌ಗಳಿಗೆ (ಪಂಪು, ಮೋಟಾರು ಒಂದೇ ಮೈಯಲ್ಲಿರುವವು) ಎರಡು ಸೀಸನ್ ಉಂಟು. ಒಂದು ಮಾರ್ಚಿನಿಂದ ಮೇ ತನಕ. ಇನ್ನೊಂದು ಮಳೆ ಬಿಟ್ಟ ಮೇಲೆ ಮೊದಲ ಸಲ ಸ್ವಿಚ್ ಹಾಕಿದ ದಿನ. ಮೊದಲನೆಯದಕ್ಕೆ ವೋಲ್ಟೇಜ್ ಕಾರಣ, ಎರಡನೆಯದಕ್ಕೆ ತೇವ. ಕಾರಣವನ್ನು ತೋಟದಲ್ಲೇ ಬಿಟ್ಟು ವೈಂಡಿಂಗ್, ಅಂದರೆ ಮೋಟಾರಿನೊಳಗೆ ಸುತ್ತಿದ ತಾಮ್ರದ ತಂತಿ, ಮಾತ್ರ ಹೊಸತು ಹಾಕಿದರೆ ಮುಂದಿನ ಬೇಸಿಗೆಗೆ ಅದೇ ಮೋಟಾರು ಮತ್ತೆ ಬೆಂಚಿನ ಮೇಲಿರುತ್ತದೆ. ಹಾಗಾಗಿ ಬಿಚ್ಚಿದ ಕೂಡಲೇ ನಾನು ಉಳಿ ಹಿಡಿಯುವುದಿಲ್ಲ. ಎಲ್ಲಿ ಕರಕಲಾಗಿದೆ ಎಂದು ನೋಡುತ್ತೇನೆ.

ಮೋಟಾರನ್ನು ಹೊರಡಿಸುವ ಸ್ಟಾರ್ಟಿಂಗ್ ಕಾಯಿಲ್ ಮಾತ್ರ ಕಪ್ಪಾಗಿ, ಓಡಿಸುವ ರನ್ನಿಂಗ್ ಕಾಯಿಲ್ ಕೆಂಪಾಗೇ ಇದ್ದರೆ ಸ್ಟಾರ್ಟಿಂಗಿನ ಸಾಲಿನಲ್ಲಿರುವ ಕೆಪಾಸಿಟರ್ ಶಾರ್ಟ್ ಆಗಿದೆ, ಅಥವಾ ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗ ಬಂದ ಮೇಲೆ ಸ್ಟಾರ್ಟಿಂಗನ್ನು ಬಿಡಿಸುವುದು) ಇರುವ ಮೋಟಾರಾದರೆ ಅದು ಬಿಡದೆ ಅಂಟಿಕೊಂಡಿದೆ. ಒಂದೇ ಜಾಗದಲ್ಲಿ ಬೆರಳಗಲ ಕರಗಿದ್ದರೆ ಸುತ್ತಿಗೆ ಸುತ್ತು ತಾಗಿದೆ, ಇಲ್ಲವೇ ಮೆಕ್ಯಾನಿಕಲ್ ಸೀಲ್ ಸೋರಿ ನೀರು ಹೋಗಿದೆ. ಸ್ಟೇಟರಿನ (ವೈಂಡಿಂಗ್ ಕೂತಿರುವ, ತಿರುಗದ ಕಬ್ಬಿಣದ) ಒಳಮೈಯಲ್ಲಿ ಉಜ್ಜಿದ ಹೊಳಪು ಕಂಡರೆ ಬೇರಿಂಗ್ ಹೋಗಿ ಒಳಗೆ ತಿರುಗುವ ರೋಟರ್ ತಾಗಿದೆ. ಇಡೀ ವೈಂಡಿಂಗ್ ಒಂದೇ ಹದದಲ್ಲಿ ಹುರಿದಂತೆ ಕಪ್ಪಾಗಿದ್ದರೆ ಲೋ ವೋಲ್ಟೇಜ್, ಅಥವಾ ನೀರೆತ್ತುವ ಚಕ್ರ, ಇಂಪೆಲ್ಲರ್, ಜಾಮ್.

ಲೋ ವೋಲ್ಟೇಜಿನ ವಿಷಯದಲ್ಲಿ ಜನ ಮೋಸಹೋಗುವುದು ಕಿವಿಯಿಂದ. ಈ ಮೋಟಾರಿನ ರೋಟರಿಗೆ ಹೊರಗಿನಿಂದ ತಂತಿಯೇ ಇಲ್ಲ. ಸ್ಟೇಟರಿನ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ, ರೋಟರ್ 2880ರ ಆಸುಪಾಸು ಅದರ ಹಿಂದೆ ಓಡುತ್ತದೆ. ಆ 120 ಸುತ್ತಿನ ಹಿಂದುಳಿಕೆಯಿಂದಲೇ ರೋಟರಿನ ಸರಳುಗಳಲ್ಲಿ ಕರೆಂಟು ಹುಟ್ಟುವುದು. 3000 ಎಂಬ ಅಂಕೆ ನಿಂತಿರುವುದು 50 ಹರ್ಟ್ಸ್ ಮೇಲೆ, ವೋಲ್ಟೇಜ್ ಮೇಲೆ ಅಲ್ಲ. ಹೊಸಂಗಡಿಯ ವಾರಾಹಿ ಭೂಗತ ವಿದ್ಯುತ್ ಕೇಂದ್ರದ 115 ಮೆಗಾವ್ಯಾಟ್ ಜನರೇಟರ್ ಪಕ್ಕದಲ್ಲೂ ಅದೇ 50, ಲೈನಿನ ಕಟ್ಟಕಡೆಯ ತೋಟದಲ್ಲೂ ಅದೇ 50. ದಾರಿಯಲ್ಲಿ ಸೋರಿಹೋಗುವುದು ವೋಲ್ಟ್ ಮಾತ್ರ. ಹಾಗಾಗಿ 180 ವೋಲ್ಟಿನಲ್ಲೂ ಮೋಟಾರು ಹೆಚ್ಚುಕಡಿಮೆ ಅದೇ ವೇಗದಲ್ಲಿ ಓಡುತ್ತದೆ, ಸದ್ದು ಬದಲಾಗುವುದಿಲ್ಲ, ನೀರೂ ಬರುತ್ತದೆ. ಆದರೆ ಅಷ್ಟೇ ನೀರೆತ್ತಲು 6.5 ಆಂಪಿಯರ್ ಬದಲು 8ರ ಮೇಲೆ ಎಳೆಯುತ್ತದೆ. ತಂತಿಯ ಬಿಸಿ ಕರೆಂಟಿನ ವರ್ಗದಂತೆ ಏರುವುದರಿಂದ ಅದು 1.6 ಪಟ್ಟು. ಎರಡು ಗಂಟೆ ಅಡಿಕೆಗೆ ನೀರು ಬಿಡುವಷ್ಟರಲ್ಲಿ ತಂತಿಯ ಮೇಲಿನ ಎನಾಮಲ್ ಲೇಪ ಬೆಂದಿರುತ್ತದೆ.

ಸ್ಟಾರ್ಟ್ ಆಗುವಾಗಿನ ಕಥೆ ಇನ್ನೂ ಕಷ್ಟ. ಮನೆಯ ಮೀಟರಿನಿಂದ ಬಾವಿಗೆ 100 ಮೀಟರ್ 1.5 ಚದರ ಮಿ.ಮೀ. ಕೇಬಲ್ ಎಳೆದವರು ಬೇಕಾದಷ್ಟು. ಅದರ ರೋಧ ಕಿಲೋಮೀಟರಿಗೆ 12.1 ಓಮ್, ಹೋಗಿ ಬರುವ 200 ಮೀಟರಿಗೆ 2.4 ಓಮ್. ಓಡುವಾಗ 16 ವೋಲ್ಟ್ ತಿನ್ನುತ್ತದೆ, ಸಹಿಸಬಹುದು. ಸ್ಟಾರ್ಟಿನಲ್ಲಿ 25 ಆಂಪಿಯರ್ ಹರಿದರೆ 60 ವೋಲ್ಟ್ ಕೇಬಲಿನಲ್ಲೇ ಹೋಯಿತು. ಮೋಟಾರಿಗೆ ಸಿಗುವುದು 170. ತಿರುಚುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತ, ಅಂದರೆ ಸುಮಾರು ಅರ್ಧ. ‘ಹೂಂ’ ಎಂದು ನಿಂತಲ್ಲೇ ನಿಲ್ಲುತ್ತದೆ. 4 ಚದರ ಮಿ.ಮೀ. ಕೇಬಲ್ ಹಾಕಿದರೆ ಈ ನಷ್ಟ ಅರ್ಧಕ್ಕೂ ಕಡಿಮೆ. ವೈಂಡಿಂಗ್ ಬಿಲ್ಲಿಗಿಂತ ಕೇಬಲಿನ ಬಿಲ್ಲು ದೊಡ್ಡದು ಎಂದು ಗೊಣಗುವವರಿಗೆ ನಾನು ಈ ಲೆಕ್ಕವನ್ನೇ ಚೀಟಿಯಲ್ಲಿ ಬರೆದು ಕೊಡುವುದು.

ಇನ್ನು ಸುತ್ತುವ ಕೆಲಸ. ಕತ್ತರಿಸುವ ಮೊದಲು ಎರಡೂ ಬದಿಯ ಫೋಟೋ, ಕನೆಕ್ಷನಿನ ಚಿತ್ರ, ಕಾಯಿಲ್ ಯಾವ ಸ್ಲಾಟಿನಿಂದ (ಸ್ಟೇಟರಿನ ಸೀಳಿನಿಂದ) ಯಾವ ಸ್ಲಾಟಿಗೆ ಎಂಬ ಪಟ್ಟಿ. ನಂತರ ಒಂದು ಬದಿಯ ತಲೆಯನ್ನು ಉಳಿಯಿಂದ ಕಡಿದು, ಇನ್ನೊಂದು ಬದಿಯಿಂದ ಹದ ಬಿಸಿ ಮಾಡಿ ಎಳೆಯುತ್ತೇನೆ. ಮರದ ಹುಡಿಗೆ ಬೆಂಕಿ ಕೊಟ್ಟು ಸ್ಟೇಟರನ್ನೇ ಸುಡುವುದು ಬೇಗದ ದಾರಿ, ಕೆಟ್ಟ ದಾರಿ. ಪಟ್ಟಿ ಪಟ್ಟಿಯಾಗಿ ಜೋಡಿಸಿದ ಕಬ್ಬಿಣದ ನಡುವಿನ ತೆಳು ಲೇಪ ಸುಟ್ಟುಹೋಗಿ, ಕಬ್ಬಿಣದಲ್ಲೇ ಸುಳಿ ಕರೆಂಟು ಹರಿದು, ಹೊಸ ವೈಂಡಿಂಗ್ ಹಾಕಿದರೂ ಮೋಟಾರು ಖಾಲಿ ಓಡುವಾಗಲೇ ಬಿಸಿಯಾಗುತ್ತದೆ.

ಉದಾಹರಣೆಗೆ 24 ಸ್ಲಾಟ್, ಎರಡು ಪೋಲಿನ (ಕಾಂತಧ್ರುವದ) ಒಂದು ಸ್ಟೇಟರ್ ತೆಗೆದುಕೊಳ್ಳಿ. ರನ್ನಿಂಗಿನ ಮೊದಲ ಪೋಲು 1–12, 2–11, 3–10, 4–9. ಎರಡನೆಯದು 13–24ರಿಂದ ಹಾಗೆಯೇ ಒಳಕ್ಕೆ. ಸ್ಟಾರ್ಟಿಂಗ್ ಆರು ಸ್ಲಾಟ್ ಸರಿದು 7–18ರಿಂದ ಶುರು. ಆರು ಸ್ಲಾಟ್ ಎಂದರೆ 90 ಡಿಗ್ರಿ. ಪೋಲಿಗೆ 120 ಸುತ್ತು ಇದ್ದರೆ ನಾಲ್ಕು ಕಾಯಿಲಿಗೆ ಮೂವತ್ತು ಮೂವತ್ತು ಹಂಚುವುದಲ್ಲ: ಹೊರಗಿನಿಂದ ಒಳಗೆ 36, 33, 29, 22. ಕಾಂತಕ್ಷೇತ್ರ ಸೈನ್ ಅಲೆಯ ಆಕಾರಕ್ಕೆ ಹತ್ತಿರ ಬರುವುದು ಈ ಹಂಚಿಕೆಯಿಂದ. ಸಮ ಹಂಚಿದರೆ ಮೋಟಾರು ಓಡುತ್ತದೆ, ಆದರೆ ಗುರುಗುಟ್ಟುತ್ತದೆ. ಒಳಗಿನ ಎರಡು ಕಾಯಿಲುಗಳ ಸ್ಲಾಟಿನಲ್ಲೇ ಸ್ಟಾರ್ಟಿಂಗೂ ಬಂದು ಕೂರುವುದರಿಂದ ಜಾಗದ ಲೆಕ್ಕವೂ ಹೀಗೇ ಸರಿಹೋಗುತ್ತದೆ.

ತಂತಿಯ ಗೇಜನ್ನು ಎನಾಮಲ್ ಸುಟ್ಟು ಒರೆಸಿ ಮೈಕ್ರೋಮೀಟರಿನಲ್ಲಿ ಅಳೆಯಬೇಕು: 1.016 ಮಿ.ಮೀ. ಎಂದರೆ 19 ಗೇಜ್, 0.711 ಎಂದರೆ 22. ಎನಾಮಲ್ ಸಮೇತ ಅಳೆದವರು ಒಂದು ಗೇಜು ದಪ್ಪ ತಂದು ಸ್ಲಾಟಿಗೆ ತುರುಕಲಾರದೆ ಸುತ್ತು ಕಡಿಮೆ ಮಾಡುತ್ತಾರೆ. ಸುತ್ತು ಕಡಿಮೆಯಾದರೆ ಕಬ್ಬಿಣಕ್ಕೆ ಫ್ಲಕ್ಸ್ (ಕಾಂತಪ್ರವಾಹ) ಹೆಚ್ಚಾಗಿ ಖಾಲಿ ಓಟದ ಕರೆಂಟೇ ಏರುತ್ತದೆ. ಈ ಸ್ಟೇಟರಿಗೆ ರನ್ನಿಂಗ್ 19 ಗೇಜ್, ಸ್ಟಾರ್ಟಿಂಗ್ 22. ಒಟ್ಟು ತಾಮ್ರ ಒಂದೂಕಾಲು ಕಿಲೋ ಮೇಲೆ ಸ್ವಲ್ಪ. ತೆಗೆದ ತಂತಿಯನ್ನು ತೂಗಿಟ್ಟರೆ ಹೊಸತರ ತೂಕಕ್ಕೆ ಹೋಲಿಸಬಹುದು.

ಕಾಯಿಲ್ ಇಳಿಸುವಾಗ ಸ್ಲಾಟಿನೊಳಗೆ ಹಾಸಿದ ಇನ್ಸುಲೇಶನ್ ಪೇಪರ್ ಅದರ ಬಾಯಿಯಿಂದ ನಾಲಿಗೆಯಂತೆ ಹೊರಚಾಚಿರಬೇಕು. ಲೋಹದ ಕಡ್ಡಿಯಿಂದ ಒತ್ತಬಾರದು, ಬಿದಿರಿನ ಸೀಳು ಸಾಕು. ಒಂದು ಗೀರಿಗೆ ಯಾಕೆ ಇಷ್ಟು ಭಯ ಎಂದರೆ, 230 ವೋಲ್ಟ್ 240 ಸುತ್ತಿಗೆ ಹಂಚಿದಾಗ ಸುತ್ತಿಗೆ ಸುಮಾರು ಒಂದು ವೋಲ್ಟ್. ಒಂದು ಸುತ್ತಿನ ರೋಧ ಹೆಚ್ಚುಕಡಿಮೆ 0.01 ಓಮ್. ಎರಡು ಸುತ್ತು ತಾಗಿ ಒಂದು ಸುತ್ತು ಮುಚ್ಚಿಕೊಂಡರೆ ಅದು ಟ್ರಾನ್ಸ್‌ಫಾರ್ಮರಿನ ಶಾರ್ಟ್ ಆದ ಸೆಕೆಂಡರಿ. ಆ ಒಂದೇ ಉಂಗುರದಲ್ಲಿ ಹತ್ತಾರು ಆಂಪಿಯರ್, ನೂರರವರೆಗೂ. ಬಲ್ಬಿನ ಮೂಲಕ ಕರೆಂಟು ಕೊಟ್ಟು ನೋಡುವ ಸೀರೀಸ್ ಬಲ್ಬಿಗೆ ಇದು ಕಾಣುವುದಿಲ್ಲ, ಓಮ್ ಮೀಟರಿಗೂ ಕಾಣುವುದಿಲ್ಲ. ಗ್ರೌಲರ್, ಅಂದರೆ ಎಸಿ ಕರೆಂಟಿನ ವಿದ್ಯುತ್ಕಾಂತ, ಇಟ್ಟು ಹ್ಯಾಕ್ಸಾ ಬ್ಲೇಡ್ ಹಿಡಿದರೆ ಆ ಸ್ಲಾಟಿನ ಮೇಲೆ ಬ್ಲೇಡು ಗರಗರ ನಡುಗುತ್ತದೆ.

ಎರಡು ಪೋಲನ್ನೂ ಒಂದೇ ದಿಕ್ಕಿಗೆ ಸುತ್ತಿದ್ದರೆ ಜೋಡಣೆ ಒಂದರ ಕೊನೆಗೆ ಇನ್ನೊಂದರ ಕೊನೆ. ಸರಿಯಾಯಿತೋ ಎಂದು ನೋಡಲು 12 ವೋಲ್ಟ್ ಬ್ಯಾಟರಿಯನ್ನು ರನ್ನಿಂಗಿಗೆ ಕೆಲವೇ ಸೆಕೆಂಡು ಕೊಟ್ಟು, ಸಣ್ಣ ದಿಕ್ಸೂಚಿಯನ್ನು ಸ್ಟೇಟರಿನ ಒಳಮೈಗೆ ತಾಗಿಸಿ ಸಾಗಿಸುತ್ತೇನೆ. 6–7 ಸ್ಲಾಟಿನ ನಡುವೆ ಮುಳ್ಳಿನ ಒಂದು ತುದಿ ಕಬ್ಬಿಣಕ್ಕೆ ಮುಖ ಮಾಡಿದರೆ 18–19ರಲ್ಲಿ ಇನ್ನೊಂದು ತುದಿ ಮುಖ ಮಾಡಬೇಕು. ಎರಡೂ ಕಡೆ ಅದೇ ತುದಿ ಬಂದರೆ ಜೋಡಣೆ ತಪ್ಪಿದೆ, ಮಧ್ಯೆ ಬೇಡದ ಪೋಲು ಹುಟ್ಟಿ ನಾಲ್ಕು ಪೋಲಾಗಿದೆ. ಹಾಗೆಯೇ ಕರೆಂಟು ಕೊಟ್ಟರೆ ಭಾರೀ ಹೂಂಕಾರ, ಹೊಗೆ. ಜೋಡಣೆ ಮುಗಿದ ಮೇಲೆ ರನ್ನಿಂಗಿನಲ್ಲಿ ಸುಮಾರು 2.3 ಓಮ್, ಸ್ಟಾರ್ಟಿಂಗಿನಲ್ಲಿ 6.

ವಾರ್ನಿಷಿನ ಕೆಲಸದಲ್ಲಿ ನಮ್ಮೂರ ಮಳೆಯೇ ವೈರಿ. ಆಟಿ ತಿಂಗಳ ಮಳೆಯಲ್ಲಿ ಗಾಳಿಗೆ ಒಣಗುವ ವಾರ್ನಿಷ್ ಹೊಡೆದಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಅಂಟಂಟು, ಪೇಪರಿನ ತೇವ ಒಳಗೇ ಬಂದಿ. ಮೊದಲು ಓವನ್ನಿನಲ್ಲಿ 100–110 ಡಿಗ್ರಿಗೆ ಎರಡು ಮೂರು ಗಂಟೆ. ಕೈ ಸೋಕಿಸುವಷ್ಟು ಆರಿದಾಗ ಬೇಕಿಂಗ್ ವಾರ್ನಿಷಿನಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವ ತನಕ ಬಿಡುವುದು. ಅರ್ಧ ಗಂಟೆ ತೂಗುಹಾಕಿ ಸೋರಿಸಿ, ಮತ್ತೆ 130 ಡಿಗ್ರಿಯ ಆಸುಪಾಸು ಆರು ಗಂಟೆ. ಡಬ್ಬಿಯಲ್ಲಿ ಬೇರೆ ಅಂಕೆ ಇದ್ದರೆ ಅದೇ ಸರಿ. ನಂತರ ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರ್. ಹೊಸ ವೈಂಡಿಂಗ್ ನೂರು ಮೆಗಾ ಓಮ್ ದಾಟಬೇಕು. ಒಂದಕ್ಕಿಂತ ಕಡಿಮೆಯಿದ್ದರೆ ಕರೆಂಟು ಕೊಡಲೇಬಾರದು.

ಕೆಪಾಸಿಟರನ್ನು ಹಳತೇ ಹಾಕುವುದು ಬೇಡ. ಪರೀಕ್ಷಿಸಲೇಬೇಕೆಂದರೆ ಅದೊಂದಕ್ಕೇ ಫ್ಯೂಸ್ ಮೂಲಕ 230 ವೋಲ್ಟ್ ಕೊಟ್ಟು ಕ್ಲ್ಯಾಂಪ್ ಮೀಟರ್ ನೋಡಿ, ಆಂಪಿಯರನ್ನು 13.8ರಿಂದ ಗುಣಿಸಿದರೆ ಮೈಕ್ರೋಫ್ಯಾರಡ್. 20 ಎಂದು ಬರೆದದ್ದು 1.45 ಆಂಪಿಯರ್ ಎಳೆಯಬೇಕು, 1.1 ಬಂದರೆ ಬಿಸಾಡಿ. ಮುಟ್ಟುವ ಮೊದಲು ಎರಡು ತುದಿಗೆ ಬಲ್ಬು ತಾಗಿಸಿ ಖಾಲಿ ಮಾಡುವುದು ಮರೆಯಬೇಡಿ. ಓಡುವಾಗ ಅದರ ಮೇಲೆ ಲೈನಿಗಿಂತ ಹೆಚ್ಚು ವೋಲ್ಟ್ ಬೀಳುತ್ತದೆ, ಅದಕ್ಕೇ 440 ವೋಲ್ಟಿನದೇ ಬೇಕು. ಮೋಟಾರು ತಿರುಗುತ್ತದೆ, ನೀರು ಮಾತ್ರ ಸಣ್ಣಗೆ ಬರುತ್ತದೆ ಎಂದರೆ ದಿಕ್ಕು ಉಲ್ಟಾ. ಸ್ಟಾರ್ಟಿಂಗಿನ ಎರಡು ತುದಿ ಅದಲುಬದಲು ಮಾಡಿದರಾಯಿತು.

ಬಾವಿಕಟ್ಟೆಯಲ್ಲಿ ಕೂರಿಸಿದ ಮೇಲೆ ನೀರು ಪೂರ್ತಿ ಬರುವಾಗ ವೋಲ್ಟ್, ಆಂಪಿಯರ್ ಎರಡನ್ನೂ ಬರೆದುಕೊಂಡು ಓವರ್‌ಲೋಡ್ ರಿಲೇಯನ್ನು (ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸುವುದನ್ನು) ಮೋಟಾರಿನ ಪ್ಲೇಟಿನಲ್ಲಿ ಬರೆದ ಆಂಪಿಯರಿಗೇ ಕೂರಿಸುತ್ತೇನೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು 10ಕ್ಕೆ ತಿರುಗಿಸಿಟ್ಟವರ ಮೋಟಾರೇ ಏಪ್ರಿಲ್‌ನಲ್ಲಿ ಬರುವುದು. ಮಳೆಗಾಲದಲ್ಲಿ ನೀರು ತುಂಬಿಸಿ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿದರೆ ವೈಂಡಿಂಗ್ ತನ್ನ ಬಿಸಿಗೆ ತಾನೇ ಒಣಗುತ್ತದೆ. ಸ್ಟಾರ್ಟರ್ ಡಬ್ಬಿಯ ಕೇಬಲ್ ತೂತನ್ನು ಮುಚ್ಚಿ. ಕಾಂಟ್ಯಾಕ್ಟಿನ ನಡುವೆ ಹಲ್ಲಿ, ಇರುವೆ ಸಿಕ್ಕಿಕೊಂಡು ಮೋಟಾರು ನಿಂತದ್ದೂ ‘ವೈಂಡಿಂಗ್ ಹೋಗಿದೆ’ ಎಂದೇ ಅಂಗಡಿಗೆ ಬರುತ್ತದೆ.